ನಡುವಿನ ಸೀಟಿನ ವ್ಯಾಕರಣ

ಫೆಬ್ರವರಿ ೨, ಭಾನುವಾರ

ಕೋಲಾರದ ಶಾಲೆಯವರು ಫೋನ್ ಮಾಡಲಿಲ್ಲ. ಮಾಡುವುದೂ ಇಲ್ಲ. ನಿನ್ನೆಯ ಡೆಮೊ ಕ್ಲಾಸಿನಲ್ಲಿ ಮೂರನೆಯ ಬೆಂಚಿನ ಹುಡುಗ ಎಷ್ಟು ನೆಮ್ಮದಿಯಾಗಿ ನಿದ್ದೆ ಮಾಡಿದನೆಂದರೆ, ಪಾಠ ಮುಗಿದ ಮೇಲೆ ಅವನನ್ನು ಎಬ್ಬಿಸಲು ನನಗೇ ಮನಸ್ಸಾಗಲಿಲ್ಲ. ಮುಳಬಾಗಿಲಿನಲ್ಲಿ ಮೂರು ವರ್ಷ ಇಂಗ್ಲಿಷ್ ಕಲಿಸಿ ಹೆಸರು ಮಾಡಿದ್ದ ತ್ರಿವೇಣಿ ಮೇಡಂ, ಮದುವೆಯಾಗಿ ಮಾಸ್ತಿಗೆ ಬಂದ ಐದೇ ತಿಂಗಳಿಗೆ ಜೋಗುಳದ ಟೀಚರ್ ಆಗಿದ್ದಾಳೆ.

ಅಳುವುದಕ್ಕೆ ಕೂತಿದ್ದೆ. ಅಷ್ಟರಲ್ಲಿ ಮೊಬೈಲು ಟಿಣ್ ಅಂದಿತು. ಮಾಲೂರಿನ ಒಂದು ಶಾಲೆ! ಒಂಬತ್ತನೆಯ ತರಗತಿಗೆ ಡೆಮೊ, ಇಪ್ಪತ್ತನಾಲ್ಕು, ಸೋಮವಾರ. ಪಾಠ ಅವರೇ ಕೊಟ್ಟಿದ್ದಾರೆ: ಫ್ರೇಸಲ್ ವರ್ಬುಗಳು. ಅಂದರೆ ಒಂದು ಬಡಪಾಯಿ ಕ್ರಿಯಾಪದದ ಬೆನ್ನಿಗೆ ಆನ್, ಆಫ್, ಅಪ್ ಅಂತ ಏನಾದರೊಂದು ಅಂಟಿಸಿ ಅದರ ಅರ್ಥವನ್ನೇ ಕೆಡಿಸುವ ಇಂಗ್ಲಿಷರ ಹಳೆಯ ಚಾಳಿ. ಅದರಲ್ಲೂ ಕರ್ಮಪದವನ್ನು ಎಲ್ಲಿ ಕೂರಿಸಬೇಕೆಂಬುದನ್ನು ಮಕ್ಕಳಿಗೆ ಅರ್ಥ ಮಾಡಿಸಬೇಕಂತೆ. ನಮ್ಮ ವ್ಯಾಕರಣದವರು ಅದಕ್ಕೆ ಕರ್ಮ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಇದೂ ತಪ್ಪಿದರೆ ಇನ್ನೊಂದು ವರ್ಷ ಯಾವ ಶಾಲೆಯೂ ಕರೆಯುವುದಿಲ್ಲ. ಅಷ್ಟರಲ್ಲಿ ನಾನು ಅತ್ತೆಯ ರೇಷ್ಮೆ ಹುಳುಗಳಿಗೆ ಪರ್ಮನೆಂಟ್ ಆಯಾ.

ಸಂಜೆ ಮಾಲೂರಿನಲ್ಲಿ ಒಂದು ನಾಮಕರಣ ಮುಗಿಸಿ ಮೂವರೂ ಒಂದೇ ಬೈಕಿನಲ್ಲಿ ಬಂದೆವು. ಗಂಡ ಶಿವು ಮುಂದೆ, ಅವರಮ್ಮ ನಡುವೆ, ನಾನು ಬಾಲದಲ್ಲಿ, ಅರ್ಧ ಸೀಟು ಅರ್ಧ ಆಕಾಶ. ಹಳ್ಳ ಬಂದಾಗಲೆಲ್ಲ ನನಗೊಬ್ಬಳಿಗೇ ಬಡ್ತಿ.

“ಹಿಡ್ಕೊಂಡಿದ್ದೀಯೇನಮ್ಮಾ?” ಅತ್ತೆ ತಿರುಗದೆ ಕೇಳಿದರು.

“ಏನನ್ನ ಹಿಡ್ಕೊಳ್ಳಲಿ ಅತ್ತೆ?”

“ಏನ್ ಸಿಕ್ಕಿದ್ರೆ ಅದನ್ನ.”

ಸಿಕ್ಕಿದ್ದು ನಂಬರ್ ಪ್ಲೇಟು.

ಫೆಬ್ರವರಿ ೪, ಮಂಗಳವಾರ

ಅತ್ತೆಯ ಹುಳು ಬಂದವು. ಮನೆಯ ಹಿಂದಿನ ಉದ್ದನೆಯ ಕೊಠಡಿಗೆ ಹುಳು ಮನೆ ಎಂದು ಹೆಸರು, ಅದಕ್ಕೆ ಶಾಮಲಮ್ಮನವರೇ, ಅಂದರೆ ನನ್ನ ಅತ್ತೆಯೇ, ಸರ್ಕಾರ. ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು. ಮಲ್ಲಿಗೆ ಮುಡಿಯಬಾರದು. ಪೌಡರ್ ಬಳಿಯಬಾರದು. ಹೊರಗಿನವರ ನೆರಳೂ ಬಾಗಿಲು ದಾಟಬಾರದು. ಸೊಸೆಯಾಗಿ ಸೇರು ಒದ್ದು ಒಳಗೆ ಬಂದವಳು ನಾನು. ಹುಳುಗಳ ಹೊಸಿಲಿನಲ್ಲಿ ನನಗಿಂತ ಹೆಚ್ಚಿನ ಮಡಿ.

ಹುಳು ಮೈಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಈ ಮರಿಗಳಿಗೆ ಎರಡು ಜ್ವರ ಮುಗಿದಿವೆ, ಇನ್ನೆರಡು ಬಾಕಿ. ನಾಲ್ಕನೆಯದು ಎದ್ದ ಮೇಲೆ ವಾರವಿಡೀ ತಿಂದು ತಿಂದು, ತಿನ್ನುವುದನ್ನೇ ನಿಲ್ಲಿಸಿ, ಮೈ ಹೊಳೆದು ಹಣ್ಣಾಗುತ್ತವೆ. ಹಣ್ಣಾದ ಹುಳುವನ್ನು ಒಡನೆಯೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಬೆಳೆಯೆಲ್ಲ ಹಾಳು.

“ಹಣ್ಣಾದ ದಿನ ಮನೇಲಿರೋ ಕೈಯೆಲ್ಲಾ ಬೇಕು. ಹೆತ್ತೋರು ಕರೆದ್ರೂ ಹೋಗಂಗಿಲ್ಲ” ಎಂದರು ಅತ್ತೆ.

“ಯಾವತ್ತು ಹಣ್ಣಾಗ್ತವೆ ಅತ್ತೆ?”

ಬೆರಳು ಮಡಿಸಿ ಲೆಕ್ಕ ಹಾಕಿದರು. “ಇಪ್ಪತ್ತೈದು, ಮಂಗಳವಾರ.”

ನನ್ನ ಡೆಮೊ ಇಪ್ಪತ್ತನಾಲ್ಕು, ಸೋಮವಾರ! ದೇವರು ಇಂಗ್ಲಿಷ್ ಟೀಚರುಗಳ ಕಡೆಗೇ ಇದ್ದಾನೆ.

ಫೆಬ್ರವರಿ ೮, ಶನಿವಾರ

“ಹುಳು ನೋಡ್ಕೋ, ಬರ್ತೀನಿ” ಅಂತ ಹೇಳಿ ಅತ್ತೆ ಸಂತೆಗೆ ಹೋದರು. ನೋಡಿದೆ. ಅವೂ ನನ್ನನ್ನು ನೋಡಿದವು. ಪರಸ್ಪರ ಅಂಥ ಆಕರ್ಷಣೆಯೇನೂ ಹುಟ್ಟಲಿಲ್ಲ. ನಾನು ಪುಸ್ತಕ ಹಿಡಿದು ಬಾಗಿಲಲ್ಲಿ ಕೂತೆ.

ಅತ್ತೆ ಬಂದರು. ಸೊಪ್ಪು ಒಣಗಿ ಹಪ್ಪಳವಾಗಿತ್ತು.

“ಏನೇ ಇದು?”

“ನೋಡ್ತಾನೇ ಇದ್ದೆ ಅತ್ತೆ!”

“ನೋಡೋದಕ್ಕೆ ಇದೇನು ಸಿನಿಮಾನಾ? ನೋಡ್ಕೋ ಅಂದ್ರೆ ಸೊಪ್ಪು ಹಾಕು, ಕಸ ತೆಗಿ, ಇರುವೆ ಬಂದಿದ್ಯಾ ನೋಡು ಅಂತ. ಎಂಎ ಓದಿರೋರಿಗೆ ಅದನ್ನ ಬಿಡಿಸಿ ಹೇಳ್ಬೇಕಾ?”

ಬೈಸಿಕೊಳ್ಳುತ್ತಾ ನಿಂತಿದ್ದಾಗಲೇ ಮೈ ಜುಮ್ಮೆಂದಿತು. ನೋಡು, ನೋಡಿಕೋ. ಲುಕ್, ಲುಕ್ ಆಫ್ಟರ್! ಬಿಡು ಬೇರೆ, ಬಿಟ್ಟುಕೊಡು ಬೇರೆ, ಬಿಟ್ಟುಬಿಡು ಬೇರೆ. ಬಾಲ ಅಂಟಿಸಿ ಅರ್ಥ ತಿರುಗಿಸುವುದರಲ್ಲಿ ನಮ್ಮವರೇನು ಕಡಿಮೆ? ಪಾಠ ಶುರು ಮಾಡುವುದು ಇಲ್ಲಿಂದಲೇ! ನಾನು ಹಲ್ಲು ಕಿರಿದದ್ದು ನೋಡಿ ಅತ್ತೆಗೆ ಗಾಬರಿ. ರಾತ್ರಿ ಊಟಕ್ಕೆ ಕೂತಾಗ ಮಗನನ್ನು ಮೆಲ್ಲಗೆ ಕೇಳಿದರಂತೆ: “ಇವಳಿಗೆ ಬೈದ್ರೆ ಖುಷಿ ಆಗ್ತದೇನೋ?”

ಫೆಬ್ರವರಿ ೧೧, ಮಂಗಳವಾರ

ಸಿಕ್ಕಿತು! ಇಡೀ ಪಾಠ ಸಿಕ್ಕಿತು! ಮಾವ ಮುನಿಯಲ್ಲಪ್ಪನವರ ಮೊಪೆಡ್ಡಿನ ಮೇಲೆ ಕೂತು ತಾನಾಗಿಯೇ ಮನೆಗೆ ಬಂತು!

ಸಂಜೆ ತೋಟದಿಂದ ಮಾವ ಹಿಪ್ಪುನೇರಳೆ ಸೊಪ್ಪು ತಂದರು. ಮುಂದೆ ಮಾವ, ಹಿಂದೆ ಅತ್ತೆ, ಇಬ್ಬರ ನಡುವೆ ಹೊರೆ. ಮತ್ತೊಂದು ಸಲ ಬಂದಾಗ ಹೊರೆ ಅತ್ತೆಯ ಬೆನ್ನ ಹಿಂದೆ ಹಗ್ಗದಲ್ಲಿತ್ತು. ಕೊನೆಯ ಸಲ ಹೊರೆಯಿಲ್ಲ, ತೋಟದಲ್ಲಿ ಕಟ್ಟಿದ್ದ ಮೇಕೆಮರಿ. ಅದು ಮಾತ್ರ ನಡುವೆ, ಇಬ್ಬರ ಒತ್ತಿನಲ್ಲಿ ಕಿವಿ ಮಾತ್ರ ಕಾಣುತ್ತಿತ್ತು.

“ಮರೀನೂ ಹಿಂದೆ ಕಟ್ಕೋಬಹುದಿತ್ತಲ್ಲಾ ಅತ್ತೆ?”

“ಹಿಂದಕ್ಕೆ ಹಾಕಿದ್ರೆ ನೆಗೆದು ಹೋಗ್ತದೆ ಕಣಮ್ಮ. ಸಣ್ಣದು ನಡುವೇನೇ. ಹೊರೆ ಎಲ್ಲಿ ಹಾಕಿದ್ರೂ ಬಿದ್ದಿರ್ತದೆ.”

ಪಿಕ್ ಅಪ್ ತೆಗೆದುಕೊಳ್ಳೋಣ. ಪಿಕ್ ಎಂಬ ಕ್ರಿಯಾಪದ ಮಾವ, ಗಾಡಿ ಓಡಿಸುವವರು. ಅಪ್ ಎಂಬುದು ಅತ್ತೆ, ಗಾಡಿ ಯಾವ ಕಡೆಗೆ ತಿರುಗಬೇಕೆಂದು ಹಿಂದಿನಿಂದ ಹೇಳುವವರು. ಹೊರೆಯಂಥ ಭಾರಿ ಕರ್ಮಪದವಾದರೆ ಪಿಕ್ ದಿ ಬಂಡಲ್ ಅಪ್ ಎಂದರೂ ಸರಿ, ಪಿಕ್ ಅಪ್ ದಿ ಬಂಡಲ್ ಎಂದರೂ ಸರಿ. ಇಟ್, ಹರ್, ದೆಮ್‌ನಂಥ ಸರ್ವನಾಮಗಳು ಮೇಕೆಮರಿಗಳು. ಅವು ನಡುವೆಯೇ ಕೂರಬೇಕು: ಪಿಕ್ ಇಟ್ ಅಪ್. ಪಿಕ್ ಅಪ್ ಇಟ್ ಎಂದಿರೋ, ಮರಿ ನೆಗೆದು ಚರಂಡಿಗೆ.

ಲುಕ್ ಆಫ್ಟರ್ ಥರದವು ಹೊಸ ಜೋಡಿಗಳು. ನಡುವೆ ಯಾರನ್ನೂ ಬಿಟ್ಟುಕೊಳ್ಳವು, ಮರಿಯಾದರೂ ಹಿಂದೆಯೇ ಕೂರಬೇಕು. ಪುಟ್ ಅಪ್ ವಿತ್ ಅಂತೂ ತ್ರಿಬಲ್ ರೈಡಿಂಗ್! ಮೂವರು ಅಂಟಿ ಕೂತ ಮೇಲೆ ಕರ್ಮ ಬಾಲದಲ್ಲೇ ನೇತಾಡಬೇಕು. ಬಾಲದ ಸೀಟಿನ ಸುಖದುಃಖವನ್ನು ನನ್ನಷ್ಟು ಅಧಿಕಾರದಿಂದ ಬೇರೆ ಯಾರು ಕಲಿಸಬಲ್ಲರು?

ಕುಣಿಯುವಂತಾಗಿದೆ. ಕೋಲಾರದ ಹುಡುಗ ಇವತ್ತು ಎದುರಿಗಿದ್ದಿದ್ದರೆ ನಿದ್ದೆಯಲ್ಲೇ ಎದ್ದು ಕೂರುತ್ತಿದ್ದ.

ಫೆಬ್ರವರಿ ೧೩, ಗುರುವಾರ

ಅಭ್ಯಾಸಕ್ಕೆ ಜಾಗವಿಲ್ಲ. ಅಂಗಳದಲ್ಲಿ ಕೈ ಬೀಸಿ ಪಾಠ ಮಾಡುತ್ತಿದ್ದರೆ ಪಕ್ಕದ ಮನೆಯ ಗಂಗಾ ಬೇಲಿಗೆ ಗದ್ದ ಊರಿ ನೋಡುತ್ತಾಳೆ. ಹಾಗಾಗಿ ಬೆಳಗಿನ ಸೊಪ್ಪು ಹಾಕುವ ಕೆಲಸ ನಾನೇ ಕೇಳಿ ತೆಗೆದುಕೊಂಡೆ. ಅತ್ತೆಗೆ ಆಶ್ಚರ್ಯ. ಹುಳು ಮನೆಯಲ್ಲಿ ತಟ್ಟೆಗಳ ಸಾಲು ಸಾಲು, ಸಾವಿರಾರು ವಿದ್ಯಾರ್ಥಿಗಳು. ಒಬ್ಬರೂ ನಿದ್ದೆ ಮಾಡುವುದಿಲ್ಲ. ಎಲ್ಲರೂ ತಿನ್ನುತ್ತಾರೆ, ಅದೊಂದೇ ಶಿಸ್ತುಕ್ರಮಕ್ಕೆ ತಕ್ಕ ಅಪರಾಧ.

ಅಲ್ಲಿಯೂ ಗಂಗಾ ಕಿಟಕಿಯಿಂದ ತನ್ನ ತೆಲುಗಿನಲ್ಲಿ ಕೂಗಿದಳು: “ಏಮಕ್ಕಾ, ಪುರುಗುಲಕಿ ಪಾಠಮಾ?” ಹುಳುಗಳಿಗೂ ಪಾಠವಾ ಅಂತ!

ಕಿಟಕಿಗಳನ್ನೆಲ್ಲ ಮುಚ್ಚಿಬಿಟ್ಟೆ. ಒಳಗೆ ಬೆಚ್ಚಗೆ, ಹಿತವಾಗಿದೆ. ದನಿಯೂ ಚೆನ್ನಾಗಿ ಗುಂಯ್ ಅನ್ನುತ್ತದೆ.

ಫೆಬ್ರವರಿ ೧೬, ಭಾನುವಾರ

ನಾಲ್ಕನೆಯ ಜ್ವರ ಎದ್ದವು. ಸೊಪ್ಪು, ಸೊಪ್ಪು, ಸೊಪ್ಪು. ಪರೀಕ್ಷೆ ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಪುಟ ತಿರುಗಿಸಿದ ಹಾಗೆ ತಿನ್ನುವ ಸದ್ದು. ಬೆರಳೆಲ್ಲ ಹಸಿರು. ಇಷ್ಟೇ.

ಫೆಬ್ರವರಿ ೨೦, ಗುರುವಾರ

ಬೆಳಿಗ್ಗೆ ಪಾಠ ಮಾಡುತ್ತಾ ತಿರುಗಿದರೆ ಬಾಗಿಲಲ್ಲಿ ಅತ್ತೆ, ಸೊಪ್ಪಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಅದೇನೋ ಪುಟ್ಟಪ್ಪು ವಿತ್ತು ಅಂದ್ಯಲ್ಲ, ಏನದು?”

“ಸಹಿಸ್ಕೊಳ್ಳೋದು ಅತ್ತೆ.”

“ಯಾರು ಯಾರನ್ನ?”

“ಇನ್ನೂ ಉದಾಹರಣೆ ಸಿಕ್ಕಿಲ್ಲ.”

“ಸಿಕ್ಕೈತೆ ಬಿಡು. ಇಬ್ಬರಿಗೂ” ಎಂದು ಬುಟ್ಟಿ ಇಳಿಸಿ, ಸೆರಗಿನಲ್ಲಿ ನಗು ಒರೆಸಿಕೊಂಡರು.

ಮೂಲೆಯ ತಟ್ಟೆಯಲ್ಲಿ ಒಂದು ಹುಳು ಮಂಕಾಗಿತ್ತು. ತೆಗೆದು ದೂರ ಹಾಕಿ ಆ ಜಾಗಕ್ಕೆ ಸುಣ್ಣ ಉದುರಿಸಿದೆ. ಬೇರೆಯವಕ್ಕೆ ಅಂಟಿದರೆ ಏನು ಗತಿ? ಮಧ್ಯಾಹ್ನ ಮತ್ತೆರಡು ಸಲ ಹೋಗಿ ನೋಡಿ ಬಂದೆ. ಸದ್ಯ, ನಮ್ಮವೆಲ್ಲ ಗಟ್ಟಿಯಾಗಿವೆ. ಡೆಮೊಗೆ ಯಾವ ಸೀರೆ ಎಂದು ಯೋಚಿಸಬೇಕಿತ್ತು, ಮರೆತೇಹೋಯಿತು.

ಫೆಬ್ರವರಿ ೨೩, ಭಾನುವಾರ

ಅನಾಹುತ.

ಸಂಜೆ ಅತ್ತೆ ಹುಳು ಮನೆಗೆ ಕಾಲಿಟ್ಟವರೇ ನಿಂತುಬಿಟ್ಟರು. “ಏನೇ ಇದು, ಒಲೆ ಮುಂದೆ ನಿಂತಂಗೈತೆ? ಕಿಟಕಿ ಯಾರು ಮುಚ್ಚಿದ್ದು?”

ಪ್ರತಿ ಬೆಳಿಗ್ಗೆ ಗಂಗಾಗೆ ಹೆದರಿ ಮುಚ್ಚುತ್ತಿದ್ದೆ. ತೆಗೆಯುವುದು ಕೆಲವೊಮ್ಮೆ ನೆನಪಾಗುತ್ತಿತ್ತು, ಕೆಲವೊಮ್ಮೆ ಇಲ್ಲ. ಸೆಕೆಗೆ ಹುಳು ಬೇಗ ಬೆಳೆಯುತ್ತವೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಅತ್ತೆ ಒಂದನ್ನು ಬೆಳಕಿಗೆ ಹಿಡಿದರು. ಮೈ ಜೇನಿನ ಬಣ್ಣ, ತಲೆಯೆತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು.

“ನಾಳೆ ಬೆಳಿಗ್ಗೆ ಹಣ್ಣು” ಎಂದರು.

ನಾಳೆ. ಸೋಮವಾರ. ನನ್ನ ಡೆಮೊ.

ಹುಳುಗಳಿಗೆ ನಾನು ಅಷ್ಟು ಚೆನ್ನಾಗಿ ಪಾಠ ಮಾಡಿದ್ದೇನೆ, ಒಂದು ದಿನ ಮುಂಚೆಯೇ ಪಾಸಾಗಿ ಕೂತಿವೆ! ನಗು ಬರಲಿಲ್ಲ. ಶಾಲೆಗೆ ಫೋನ್ ಮಾಡಿ ದಿನ ಮುಂದಕ್ಕೆ ಹಾಕಿ ಎಂದು ಕೇಳೋಣವೆಂದು ಮೊಬೈಲು ಎತ್ತಿದೆ. ಡೆಮೊ ಮುಂದೆ ಹಾಕಿದರೆ ಬೇರೆಯವರನ್ನು ಕರೆಯುತ್ತಾರೆ, ಅದೂ ಗೊತ್ತು.

“ಯಾರಿಗೆ ಫೋನು?” ಅತ್ತೆ ಕೇಳಿದರು.

ಹೇಳಿದೆ. ಕಿಟಕಿಯ ವಿಷಯವನ್ನೂ ಹೇಳಿದೆ.

“ಬೈಬೇಕಾದ್ದು ನಾಳಿದ್ದು ಬೈತೀನಿ, ಇವಾಗ ಪುರುಸೊತ್ತಿಲ್ಲ” ಎಂದು ಮೊಬೈಲು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಕೋಲಾರದಿಂದ ಬಂದು ಮೂಲೇಲಿ ಕೂತಿದ್ಯಲ್ಲ, ಆ ಮುಖ ಇನ್ನೊಂದ್ಸಲ ನೋಡೋಕೆ ನನ್ನ ಕೈಲಾಗಲ್ಲ ತಾಯೀ. ಬಸ್ಸಿನ ಹೊತ್ತಿನವರೆಗೆ ಆರಿಸು, ಆಮೇಲೆ ಹೋಗು.”

“ಕೈ ಸಾಲಲ್ವಲ್ಲಾ ಅತ್ತೆ!”

“ಗಂಗಾನ ಕರೀತೀನಿ.”

ಗಂಗಾ! ಹುಳು ಮನೆಯೊಳಕ್ಕೆ! ಸ್ವಂತ ತಂಗಿಯನ್ನೇ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿ ಕಳಿಸುವವರು. ಸುಸ್ತಾಗಿ ಏನೇನೋ ಹೇಳುತ್ತಿದ್ದಾರೆ ಅನಿಸುತ್ತದೆ. ಮಲಗಬೇಕು.

ಫೆಬ್ರವರಿ ೨೪, ಸೋಮವಾರ

ಎಲ್ಲಿಂದ ಶುರು ಮಾಡಲಿ! ಕೈ ಇನ್ನೂ ಅಂಟಂಟು, ಆದರೆ ಬರೆಯದಿದ್ದರೆ ಒಡೆದುಹೋಗುತ್ತೇನೆ.

ಬೆಳಕು ಹರಿಯುವ ಮೊದಲೇ ಎಲ್ಲರೂ ಹುಳು ಮನೆಯಲ್ಲಿ. ಮಾವ, ಅತ್ತೆ, ರಜೆ ಹಾಕಿದ ಶಿವು, ಕಾಲಿಗೆ ಸುಣ್ಣ ಬಳಿದುಕೊಂಡು ಮೊದಲ ಸಲ ಒಳಗೆ ಬಂದು ದೇವಸ್ಥಾನದಲ್ಲಿ ನಿಂತ ಹಾಗೆ ನಿಂತ ಗಂಗಾ. ಹೊಳೆಯುವವನ್ನು ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟೆವು. ಬಸ್ಸಿಗೆ ಹೊತ್ತಾಯಿತು. ಮೈಗೆ ನೀರು ಸುರಿದುಕೊಂಡು, ತುರುಬನ್ನು ಬಿಚ್ಚಲೂ ಸಮಯವಿಲ್ಲದೆ, ಸೀರೆ ಸುತ್ತಿಕೊಂಡು ಓಡಿದೆ.

ತರಗತಿಯ ಹಿಂದೆ ಹೆಡ್‌ಮಾಸ್ಟರ್ ಅಮರನಾಥ್, ಪಕ್ಕದಲ್ಲಿ ಹಿರಿಯ ಟೀಚರ್ ಆಶಾರಾಣಿ. ಇಬ್ಬರ ಮುಖವೂ ಮಾರ್ಕ್ಸ್ ಕಾರ್ಡಿನಂತೆ. ನಾನು ಬೋರ್ಡಿನ ಮೇಲೆ ಮೊಪೆಡ್ಡಿನ ಚಿತ್ರ ಬರೆದೆ. ಮಾವ, ಅತ್ತೆ, ಹೊರೆ, ಮೇಕೆಮರಿ. ಮಕ್ಕಳು ಮುಂದಕ್ಕೆ ಬಾಗಿದರು. ಕೊನೆಯ ಬೆಂಚಿನವನೊಬ್ಬ “ಮಿಸ್, ಪೊಲೀಸ್ ಹಿಡಿದ್ರೆ?” ಎಂದ. “ಅವರೂ ಕರ್ಮಪದವೇ, ತಪ್ಪಿಸಿಕೊಳ್ಳೋಕಾಗಲ್ಲ” ಎಂದೆ. ನಕ್ಕರು. ನಿದ್ದೆ ಎಲ್ಲಿಯೂ ಇಲ್ಲ!

ಪಿಕ್ ಇಟ್ ಅಪ್ ಎಂದು ಬರೆದು ತಿರುಗಿದೆ. ನಗು ಇದ್ದಕ್ಕಿದ್ದಂತೆ ನಿಂತಿತ್ತು. ಎಲ್ಲರ ಕಣ್ಣೂ ನನ್ನ ಹೆಗಲ ಮೇಲೆ.

ತುರುಬಿನಿಂದ ಇಳಿದು ಬಂದಿತ್ತು. ಬೆರಳುದ್ದದ, ಜೇನಿನ ಬಣ್ಣದ, ಪೂರ್ತಿ ಹಣ್ಣಾದ ಹುಳು, ಗೂಡು ಕಟ್ಟಲು ಜಾಗ ಹುಡುಕಿಕೊಂಡು ಸೆರಗಿನ ಪಿನ್ನಿನ ಬಳಿ ತಲೆಯಾಡಿಸುತ್ತಿತ್ತು.

ಆಶಾರಾಣಿ ಮೇಡಂ ಕುರ್ಚಿ ಹತ್ತಿದರು. ಅಮರನಾಥ್ ಸರ್ ಎದ್ದು ನಿಂತು ಕೂಗಿದರು: “ಸಂಬಡಿ! ಪಿಕ್ ಅಪ್ ಇಟ್!”

ಇಡೀ ತರಗತಿ ಒಂದೇ ಉಸಿರಿಗೆ: “ಪಿಕ್ ಇಟ್ ಅಪ್, ಸಾರ್!”

ಮುಗಿಯಿತು ಅಂದುಕೊಂಡೆ. ಹೆಡ್‌ಮಾಸ್ಟರನ್ನು ತಿದ್ದಿಸಿದ ಟೀಚರಿಗೆ ಕೆಲಸ ಕೊಡುವವರುಂಟೇ? ಆದರೆ ಅಷ್ಟರಲ್ಲಿ ಎರಡನೆಯ ಬೆಂಚಿನಿಂದ ಚಂದನ ಎಂಬ ಹುಡುಗಿ ಎದ್ದಳು. ಲಕ್ಕೂರಿನವಳು, ಅವರ ಮನೆಯಲ್ಲೂ ಹುಳು ಮೇಯಿಸುತ್ತಾರಂತೆ. ಎರಡೇ ಬೆರಳಿನಲ್ಲಿ, ಒತ್ತದೆ, ತೆಗೆದುಕೊಂಡಳು.

“ಮಿಸ್, ಹಣ್ಣಾಗೈತೆ! ಬೇಗ ಎಲ್ಲಾದ್ರೂ ಬಿಡ್ಬೇಕು!”

“ಇಂಗ್ಲಿಷಿನಲ್ಲಿ ಹೇಳು, ಎಲ್ಲಿ ಬಿಡ್ತೀಯ?” ಎಂದೆ.

ಆಮೇಲಿನದು ಪಾಠವಲ್ಲ, ಜಾತ್ರೆ. ಪುಟ್ ಇಟ್ ಡೌನ್ ಎಂದಳು ಒಬ್ಬಳು. ಡೋಂಟ್ ಥ್ರೋ ಇಟ್ ಅವೇ ಎಂದ ಇನ್ನೊಬ್ಬ. ಸೀಮೆಸುಣ್ಣದ ಡಬ್ಬಿ ಖಾಲಿ ಮಾಡಿದರು, ಮುಚ್ಚಳಕ್ಕೆ ತೂತು ಕೊರೆದರು. ಯಾರು ನೋಡಿಕೊಳ್ಳುತ್ತೀರಿ ಎಂದರೆ ಅರ್ಧ ತರಗತಿ ಕೈಯೆತ್ತಿ, “ಐ ವಿಲ್ ಲುಕ್ ಆಫ್ಟರ್ ಇಟ್, ಮಿಸ್!” ಹುಳುವೂ ಡಬ್ಬಿಯ ಮೂಲೆಯಲ್ಲಿ ಮೊದಲ ಎಳೆ ಬಿಟ್ಟಿತು. ಅದನ್ನು ಕಂಡದ್ದೇ ನನಗೆ ಮನೆ ನೆನಪಾಯಿತು. ಇದು ಇಲ್ಲೇ ಕಟ್ಟಲು ಕೂತಿದೆ ಎಂದರೆ ಅಲ್ಲಿ ತಟ್ಟೆಗಳಲ್ಲಿ ಏನಾಗುತ್ತಿರಬೇಡ!

ಗಂಟೆ ಹೊಡೆಯಿತು. ಅಮರನಾಥ್ ಸರ್ ಹೊರಗೆ ನಿಂತಿದ್ದರು. “ಮೇಡಂ, ಆಫೀಸಿನಲ್ಲಿ ಕೂತಿರಿ. ಇನ್ನೂ ಇಂಟರ್ವ್ಯೂ ಇದೆ.”

“ಸರ್, ಕ್ಷಮಿಸಬೇಕು. ಹುಳು ಹಣ್ಣಾಗಿವೆ, ನಾನು ಹೋಗಬೇಕು.”

“ಇಂಟರ್ವ್ಯೂ ಬಿಟ್ಟಾ?”

“ಅವು ಕಾಯಲ್ಲ ಸರ್.”

ಓಡಿದೆ. ಬಸ್ಸಿನಲ್ಲಿ ಕೂತ ಮೇಲೆ ನಾನು ಮಾಡಿದ್ದೇನೆಂದು ಹೊಳೆಯಿತು. ಆದರೆ ಮಾಸ್ತಿ ಬಂದಾಗ ಮೊದಲು ಬಾಯಿಗೆ ಬಂದದ್ದು “ಎಷ್ಟು ತಟ್ಟೆ ಉಳಿದಿವೆ?” ಎಂಬುದು.

ಬಹಳ ಉಳಿದಿದ್ದವು. ಹೊತ್ತಿಳಿಯುವವರೆಗೆ ಆರಿಸಿದೆವು. ನಡುವೆ ಅತ್ತೆಯ ಸೊಂಟದಲ್ಲಿ ನನ್ನ ಮೊಬೈಲು ಬಡಿದುಕೊಂಡಿತು. ಅದನ್ನು ಬೆಳಿಗ್ಗೆ ಈಸಿಕೊಳ್ಳಲು ಮರೆತಿದ್ದೆ. ನನ್ನ ಬೊಗಸೆ ತುಂಬ ಹುಳು. ಅತ್ತೆಯೇ ಎತ್ತಿದರು.

“ಯಾರು? ಸ್ಕೂಲಾ? ಅವಳು ಕೆಲಸದಲ್ಲವಳೆ. ಹುಳು ಹಣ್ಣಾಗೈತೆ. ನಾಳೆ ಮಾಡಿ!” ಕಟ್.

ನಾನು ಬೊಗಸೆಯನ್ನು ಬಿಡಲಾರದೆ, ಅಳಲಾರದೆ, ನಿಂತೆ. ಗಂಗಾ ನಗುತ್ತಾ ಕೆಳಗೆ ಕೂತೇಬಿಟ್ಟಳು.

ಫೆಬ್ರವರಿ ೨೫, ಮಂಗಳವಾರ

ಮಾಡಿದರು! ಅವರೇ ಮತ್ತೆ ಮಾಡಿದರು!

“ಮೇಡಂ, ಇಷ್ಟು ವರ್ಷದಲ್ಲಿ ಆ ತರಗತಿ ನನ್ನನ್ನ ತಿದ್ದಿದ್ದು ಇದೇ ಮೊದಲು. ಅವರಿಗೆ ತಿದ್ದೋಕೆ ಗೊತ್ತಾಗಿದೆ ಅಂದ್ರೆ ಕಲಿತಿದ್ದಾರೆ ಅಂತ” ಎಂದರು ಅಮರನಾಥ್ ಸರ್. ಜೂನಿನಿಂದ ಕೆಲಸ. ಗುರುವಾರ ಬಂದು ಆರ್ಡರ್ ತೆಗೆದುಕೊಳ್ಳಬೇಕು. ಕೊನೆಗೆ ತಗ್ಗಿದ ದನಿಯಲ್ಲಿ, “ನಿನ್ನೆ ಗಾಬರಿಯಲ್ಲಿ ಬಾಯಿ ತಪ್ಪಿತ್ತು, ನಿಮ್ಮ ಅತ್ತೆಯವರಿಗೆ ಹೇಳಬೇಡಿ” ಎಂದರು. ನಿನ್ನೆಯ ‘ಕಟ್’ ಅವರಿಗೆ ಚೆನ್ನಾಗಿಯೇ ನಾಟಿದೆ.

ಕಿರುಚಿದೆ. ಹುಳು ಮನೆ ಮುಂದೆ ಸದ್ದು ಮಾಡಬೇಡ, ಕಟ್ಟುತ್ತಿವೆ ಎಂದು ಅತ್ತೆ ಗದರಿದರು. ಆಮೇಲೆ ಕಿಟಕಿಯ ಬೈಗುಳ ಬಾಕಿ ಇತ್ತಲ್ಲ, ಅದನ್ನೂ ಪೂರ್ತಿ ಬೈದರು. ಕೊನೆಗೆ ಒಂದು ಚಮಚ ಬೆಲ್ಲ ಬಾಯಿಗೆ ತುರುಕಿದರು.

“ಆ ಡಬ್ಬೀಲಿ ಬಿಟ್ಟು ಬಂದ ಹುಳು ಏನಾಯ್ತು?”

“ಗೂಡು ಕಟ್ಟಿದೆಯಂತೆ ಅತ್ತೆ.”

“ಸ್ಕೂಲಿನ ಡಬ್ಬೀಲಿ ಹೆಂಗೆ ಕಟ್ಟೈತೋ ನೋಡ್ಬೇಕು. ಗುರುವಾರ ನಾನೂ ಬರ್ತೀನಿ.”

ಫೆಬ್ರವರಿ ೨೭, ಗುರುವಾರ

ಬೆಳಿಗ್ಗೆ ಶಿವು ಬೈಕು ತೆಗೆದರು. ಆರ್ಡರಿನ ಕನಸಿನಲ್ಲೇ ನಾನು ಅಭ್ಯಾಸದಂತೆ ಹಿಂದೆ ನಿಂತೆ.

“ಏಯ್, ನೀನು ನಡುವೆ ಕೂತ್ಕೋ” ಎಂದರು ಅತ್ತೆ.

“ಯಾಕತ್ತೆ?”

“ಹಳ್ಳಗಳವೆ. ಹತ್ತು ಸುಮ್ನೆ, ಹೊತ್ತಾಯ್ತು.”

ಮುಂದೆ ಶಿವು, ಹಿಂದೆ ಅತ್ತೆ ನನ್ನ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡು ಮಾಲೂರಿನ ಹೊರಗಿನವರೆಗೆ ಬಂದರು. ಪೊಲೀಸರ ಭಯಕ್ಕೆ ಅಲ್ಲಿ ಇಳಿದು ನಡೆದೆವು. ಆರ್ಡರ್ ಸಿಕ್ಕಿತು, ಸಹಿ ಮೊಹರು ಎಲ್ಲ ಇದೆ. ಡಬ್ಬಿಯ ಗೂಡನ್ನು ಚಂದನ ತಂದುಕೊಟ್ಟಳು. ಅತ್ತೆ ಕಿವಿಯ ಬಳಿ ಅಲುಗಾಡಿಸಿ, “ಬಿಗಿಯಾಗೈತೆ. ನಮ್ದೇ” ಎಂದು ಸೆರಗಿನ ತುದಿಗೆ ಕಟ್ಟಿಕೊಂಡರು.

ವಾಪಸ್ಸು ಬರುವಾಗಲೂ ನಡುವೆಯೇ ಕೂರಿಸಿದರು. ಎಂಥ ಇಕ್ಕಟ್ಟು, ಅಲುಗಾಡಲಿಕ್ಕೂ ಜಾಗವಿಲ್ಲ, ಮೊಣಕಾಲೆರಡೂ ಹಿಡಿದುಕೊಂಡಿವೆ. ಜೂನಿನ ಪಾಠಗಳನ್ನು ಇಂದೇ ಶುರು ಮಾಡೋಣವೆಂದಿದ್ದೆ. ಆಗಲಿಲ್ಲ, ದಾರಿಯುದ್ದಕ್ಕೂ ಚೆನ್ನಾಗಿ ನಿದ್ದೆ ಬಂದುಬಿಟ್ಟಿತ್ತು.